ಕತ್ತಲೆಯ ಆಟ ಕೈಕೊಟ್ಟುದೇಕೆ?

ಕಣ್ಣುಮುಚ್ಚಾಲೆ ಆಡುವ ಮಗುವಿಗೆ ಭೌತವಿಜ್ಞಾನದ ಎರಡು ಪಾಠಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಂಡರೂ ಸಿಕ್ಕಿಬೀಳುತ್ತೇನೆ, ಕೇಳಿಸಿದರೂ ಸಿಕ್ಕಿಬೀಳುತ್ತೇನೆ ಎಂಬುದನ್ನು ಅದು ಬಲ್ಲದು. ಆದುದರಿಂದಲೇ ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಈ ಸಹಜಜ್ಞಾನವನ್ನೇ ಆಧಾರವಾಗಿಟ್ಟುಕೊಂಡು ಒಂದು ವೀಡಿಯೊ ಆಟವನ್ನು ಕಟ್ಟಬಹುದೆಂದು 1998ರಲ್ಲಿ ಅಮೆರಿಕದ ಲುಕಿಂಗ್ ಗ್ಲಾಸ್ ಸಂಸ್ಥೆಯವರು ತೋರಿಸಿಕೊಟ್ಟರು. ‘ಥೀಫ್: ದಿ ಡಾರ್ಕ್ ಪ್ರಾಜೆಕ್ಟ್’ ಎಂಬ ಆ ಆಟದ ನಾಯಕ ಗ್ಯಾರೆಟ್ ಒಬ್ಬ ಕಳ್ಳ, ಕಾದಾಡುವುದರಲ್ಲಿ ಅಷ್ಟಕ್ಕಷ್ಟೆ, ಅಡಗುವುದರಲ್ಲಿ ನಿಪುಣ.

ಅದರ ಮರ್ಮವೇನೆಂಬುದನ್ನು ನೋಡೋಣ. ಪರದೆಯ ಕೆಳಭಾಗದಲ್ಲಿ ಒಂದು ರತ್ನವಿರುತ್ತದೆ. ಗ್ಯಾರೆಟ್ ಬೆಳಕಿಗೆ ಬಂದಷ್ಟೂ ಅದು ಹೊಳೆಯುತ್ತದೆ, ನೆರಳಿಗೆ ಸರಿದರೆ ಮಂಕಾಗುತ್ತದೆ. ನೀರಿನ ಬಾಣವನ್ನು ಬಿಟ್ಟರೆ ಪಂಜು ಆರಿ ಕತ್ತಲೆ ಕವಿಯುತ್ತದೆ. ಅಮೃತಶಿಲೆಯ ನೆಲದ ಮೇಲೆ ಓಡಿದರೆ ಹೆಜ್ಜೆಯ ಸಪ್ಪಳ ದೊಡ್ಡದು, ಜಮಖಾನದ ಮೇಲೆ ನಡೆದರೆ ಬಲು ಕಡಿಮೆ. ಶಬ್ದವು ಗೋಡೆಯನ್ನು ಲೆಕ್ಕಿಸದೆ ನೇರವಾಗಿ ಸಾಗುವುದಿಲ್ಲ. ಕೋಣೆಯಿಂದ ಕೋಣೆಗೆ ಬಾಗಿಲುಗಳ ಮೂಲಕ ಹಾಯುತ್ತದೆ, ಮುಚ್ಚಿದ ಬಾಗಿಲು ಅದನ್ನು ತಡೆಯುತ್ತದೆ. ಹಗ್ಗದ ಬಾಣ ಮರಕ್ಕೆ ನಾಟುತ್ತದೆ, ಕಲ್ಲಿಗೆ ನಾಟುವುದಿಲ್ಲ. ನಿಸರ್ಗದಲ್ಲಿ ಸಣ್ಣ ದೀಪವೊಂದರಿಂದ ದೂರ ಇಮ್ಮಡಿಯಾದರೆ ಬೆಳಕಿನ ತೀವ್ರತೆ ನಾಲ್ಕನೆಯ ಒಂದು ಪಾಲಿಗಿಳಿಯುತ್ತದೆ. ಆಟದ ಲೆಕ್ಕ ಅಷ್ಟು ಕರಾರುವಾಕ್ಕಾಗಿರಬೇಕಾಗಿಲ್ಲ; ಆದರೆ ಎಲ್ಲೆಡೆಯೂ ಒಂದೇ ಆಗಿರಬೇಕು.

2000ದಲ್ಲಿ ಆ ಸಂಸ್ಥೆ ಮುಚ್ಚಿಹೋಯಿತು. 2004ರಲ್ಲಿ ಬೇರೊಂದು ಸಂಸ್ಥೆಯಿಂದ ಮೂರನೆಯ ಆಟ ಬಂದಿತು. ಅನಂತರ ಹತ್ತು ವರ್ಷ ಕಾದ ಅಭಿಮಾನಿಗಳಿಗೆ 2014ರಲ್ಲಿ ಕೆನಡಾದ ಐಡೋಸ್ ಮಾಂಟ್ರಿಯಲ್‌ನವರು ‘ಥೀಫ್’ ಎಂಬ ಹೆಸರಿನಲ್ಲಿಯೇ ಹೊಸ ಆಟವನ್ನಿತ್ತರು. ಮಂಜು ಮುಸುಕಿದ ಅದರ ಬೀದಿಗಳು ಸೊಗಸಾಗಿದ್ದುವು. ಒಡೆದ ಗಾಜು ಕಾಲಡಿಯಲ್ಲಿ ಸದ್ದು ಮಾಡುತ್ತಿತ್ತು, ಪಂಜರದ ಹಕ್ಕಿಗಳು ಬೆದರಿ ಕೂಗುತ್ತಿದ್ದುವು. ಆದರೂ ಆಟ ನಿರೀಕ್ಷೆಯ ಮಟ್ಟಕ್ಕೇರಲಿಲ್ಲ. ಏಕೆ?

ಹಗ್ಗದ ಬಾಣ ಈಗ ಗೊತ್ತುಪಡಿಸಿದ ತೊಲೆಗಳಿಗೆ ಮಾತ್ರ ನಾಟುತ್ತಿತ್ತು. ಪಕ್ಕದ ತೊಲೆಯೂ ಮರದ್ದೇ ಆದರೂ ಪ್ರಯೋಜನವಿಲ್ಲ. ನೆಗೆತವೂ ನಿರ್ಮಾಪಕರು ಒಪ್ಪಿದ ಜಾಗಗಳಲ್ಲಿ ಮಾತ್ರ. ಕಾವಲುಗಾರರ ಮಾತು ದೂರಕ್ಕೆ ತಕ್ಕಂತೆ ಏರಿಳಿಯುವುದಿಲ್ಲವೆಂದು ಹಲವು ವಿಮರ್ಶಕರು ದೂರಿದರು. ಕತ್ತಲೆಯಲ್ಲಿ ಅಡಗಿದವನಿಗೆ ಕಿವಿಯೇ ಕಣ್ಣು. ಅದನ್ನು ನಂಬಲಾಗದಿದ್ದರೆ ಅವನು ಕುರುಡನೇ ಸರಿ.

ನಿರ್ಮಾಪಕರ ಕಷ್ಟವನ್ನೂ ಅರಿಯಬೇಕು. ಎಲ್ಲಿ ಬೇಕಾದರೂ ಹತ್ತಬಹುದೆಂದಾದರೆ ಪ್ರತಿಯೊಂದು ಸೂರನ್ನೂ ಪರೀಕ್ಷಿಸಿಯೇ ಬಿಡಬೇಕಾಗುತ್ತದೆ. ಆಟಗಾರ ಕಥೆಯ ದಾರಿ ತಪ್ಪಿಹೋಗುವ ಅಪಾಯವೂ ಉಂಟು. ಆದರೆ ತೆತ್ತ ಬೆಲೆ ಸಣ್ಣದಲ್ಲ. ಮೊದಲಿನ ಆಟದಲ್ಲಿ ಆಟಗಾರನು “ಇದು ಮರ, ಆದುದರಿಂದ ಬಾಣ ನಾಟೀತು” ಎಂದು ತರ್ಕಿಸುತ್ತಿದ್ದನು. ಹೊಸದರಲ್ಲಿ “ಇಲ್ಲಿ ಅಪ್ಪಣೆಯಿದೆಯೆ?” ಎಂದು ಹುಡುಕತೊಡಗಿದನು. ಮೊದಲನೆಯದು ಪ್ರಯೋಗ, ಎರಡನೆಯದು ವಿಧೇಯತೆ.

ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕವು ಒಂದೇ ಒಂದು ಮೇಜಿನ ಮೇಲೆ ಮಾತ್ರ ನಿಯಮದಂತೆ ತೂಗಿದರೆ ವಿದ್ಯಾರ್ಥಿಗಳು ಗುರುತ್ವವನ್ನು ಕಲಿಯಲಾರರು. ಆ ಮೇಜು ಯಾವುದೆಂಬುದನ್ನು ಮಾತ್ರ ಕಲಿತಾರು. ಕಲ್ಪಿತ ಜಗತ್ತಿನ ನಿಯಮಗಳು ನಮ್ಮ ಜಗತ್ತಿನವೇ ಆಗಿರಬೇಕಾಗಿಲ್ಲ. ಆದರೆ ಅವು ಮಾತಿಗೆ ತಪ್ಪಬಾರದು.