ಹಿಂಗಾರಿನ ದಿನಗಳಲ್ಲಿ ಹಿತ್ತಲ ಕೈತೋಟ



ತೊಣ್ಣೂರಿನ ಸುತ್ತಮುತ್ತ ಆಶ್ವಯುಜ ಮಾಸದ ಹೊತ್ತಿಗೆ ಹೊಲದ ರಾಗಿ ತೆನೆಗಟ್ಟುತ್ತಿರುತ್ತದೆ. ಕಳೆ ಕೀಳುವ ಕೆಲಸ ಬಹುಮಟ್ಟಿಗೆ ಮುಗಿದು, ಕೊಯ್ಲಿಗೆ ಇನ್ನೂ ಕೆಲವು ವಾರಗಳ ಅವಕಾಶವಿರುತ್ತದೆ. ಈ ಬಿಡುವಿನಲ್ಲಿ ಪತಿಪತ್ನಿಯರು ದಿನಕ್ಕೆ ಒಂದು ಗಂಟೆಯ ಕಾಲ ಹಿತ್ತಲಿನ ಕಡೆಗೆ ಗಮನ ಕೊಟ್ಟರೆ ಮಾಗಿಯ ಚಳಿ ಕಳೆಯುವವರೆಗೂ ಮನೆಯಲ್ಲಿ ಸೊಪ್ಪಿಗೆ ಕೊರತೆಯಾಗುವುದಿಲ್ಲ.

ಕೈತೋಟದ ಮಾತು ವೈದ್ಯರಿಗೇಕೆ ಎಂದು ತಾವು ಕೇಳಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಿರುವ ತಾಯಿಗೆ, ಇತರರು ತಾಳಿಕೊಳ್ಳಬಲ್ಲಷ್ಟು ರಕ್ತಸ್ರಾವವೂ ಹೆರಿಗೆಯ ಸಮಯದಲ್ಲಿ ಪ್ರಾಣಾಪಾಯವನ್ನು ತರಬಲ್ಲದು. ಆಕೆಯ ಮಗು ತೂಕ ಕಡಿಮೆಯಾಗಿ ಹುಟ್ಟುವ ಸಂಭವವೂ ಹೆಚ್ಚು.

ಚಿತ್ತೆ, ಸ್ವಾತಿ ಮಳೆಗಳು ಗುಡುಗಿನೊಡನೆ ರಭಸದಿಂದ ಸುರಿಯುತ್ತವೆ. ಆದ್ದರಿಂದ ಸೊಪ್ಪಿನ ಬೀಜವನ್ನು ಸಮನೆಲದಲ್ಲಿ ಚೆಲ್ಲದೆ, ಅರ್ಧ ಅಡಿ ಎತ್ತರದ ಮಡಿಗಳನ್ನು ಮಾಡಿ ಬಿತ್ತಬೇಕು. ಮಡಿಯ ಅಗಲ ಮೂರು ಅಡಿ ಇದ್ದರೆ ಎರಡು ಪಕ್ಕಗಳಿಂದಲೂ ಕೈ ಎಟುಕುತ್ತದೆ. ಅಗೆಯುವುದು ಮತ್ತು ಗೊಬ್ಬರ ಹೊರುವುದು ಪತಿಯ ಪಾಲಿನ ಕೆಲಸವಾಗಲಿ, ಪತ್ನಿ ಗರ್ಭಿಣಿಯಾಗಿದ್ದರಂತೂ ಈ ಮಾತನ್ನು ಮರೆಯತಕ್ಕದ್ದಲ್ಲ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೇ ಹಾಕಿರಿ. ಮೆಂತ್ಯ, ದಂಟು, ಪಾಲಕ್, ಕೊತ್ತಂಬರಿಗಳನ್ನು ಒಂದೇ ದಿನ ಬಿತ್ತಿ ಮುಗಿಸದೆ ಹದಿನೈದು ದಿನಗಳಿಗೊಮ್ಮೆ ಒಂದೊಂದು ಮಡಿಯಂತೆ ಬಿತ್ತಬೇಕು. ಮೆಂತ್ಯ ಮತ್ತು ದಂಟು ಸುಮಾರು ಒಂದು ತಿಂಗಳಲ್ಲಿ ಕೈಗೆ ಬರುತ್ತವೆ. ಬದನೆ, ಟೊಮೇಟೊ ಸಸಿಗಳ ಬುಡಕ್ಕೆ ಕಬ್ಬಿನ ತರಗನ್ನು ಹೊದಿಸಿದರೆ ಮಳೆ ನಿಂತ ಮೇಲೂ ತೇವ ಉಳಿಯುತ್ತದೆ. ಪಪ್ಪಾಯಿಯ ಬುಡದಲ್ಲಿ ನೀರು ನಿಂತರೆ ಗಿಡ ಕೊಳೆಯುವುದರಿಂದ ಅಲ್ಲಿ ಕಾಲುವೆ ತೆಗೆಯಿರಿ. ಬಚ್ಚಲ ನೀರನ್ನು ಬಾಳೆ, ನುಗ್ಗೆಗಳಿಗೆ ಹರಿಸಿರಿ, ಸೊಪ್ಪಿನ ಮಡಿಗೆ ಬೇಡ.

ಮಳೆಗಾಲದಲ್ಲಿ ಬೆಳೆದ ಪೊದೆಯನ್ನು ಸವರುವಾಗ ಎಚ್ಚರವಿರಲಿ, ಇಲಿಯಿರುವಲ್ಲಿಗೆ ಹಾವು ಬರುತ್ತದೆ. ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ಮಂತ್ರ ಹಾಕಿಸುವುದು ಇವುಗಳಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಕರೆತರಬೇಕು. ತೆಂಗಿನ ಚಿಪ್ಪು, ಒಡೆದ ಮಡಕೆ, ಹಳೆಯ ಟೈರುಗಳಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಡೆಂಗೀ ಹರಡುವ ಸೊಳ್ಳೆ ಇಂತಹ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ.

ಬರಿಗಾಲಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಬಯಲಿನಲ್ಲಿ ಮಲವಿಸರ್ಜನೆ ಮಾಡಿದ ಸ್ಥಳದ ತೇವದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ. ಅವು ಪಾದದ ಚರ್ಮವನ್ನು ತೂರಿ ಒಳಹೊಕ್ಕು ಕರುಳನ್ನು ಸೇರಿ, ಅಲ್ಲಿ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತವೆ. ರಕ್ತ ಹೆಚ್ಚಿಸಲೆಂದು ಸೊಪ್ಪು ಬೆಳೆಯಹೋದವರು ಅದೇ ಮಡಿಯಲ್ಲಿ ರಕ್ತ ಕಳೆದುಕೊಳ್ಳುವಂತಾಗಬಾರದು. ಚಪ್ಪಲಿ ಮೆಟ್ಟಿ ಕೆಲಸ ಮಾಡಿರಿ, ಮಕ್ಕಳೂ ಸೇರಿದಂತೆ ಎಲ್ಲರೂ ಶೌಚಾಲಯವನ್ನೇ ಬಳಸಿರಿ.

ಹೊಲಕ್ಕೆ ಹೊಡೆದು ಮಿಕ್ಕ ಕೀಟನಾಶಕವನ್ನು ಹಿತ್ತಲಿನ ಸೊಪ್ಪಿಗೆ ಸಿಂಪಡಿಸುವುದು ಕೆಲವು ಮನೆಗಳಲ್ಲಿ ರೂಢಿಯಾಗಿದೆ. ಇದು ತೀರ ಅಪಾಯಕರ. ನಾಳೆ ಕೊಯ್ಯುವ ಸೊಪ್ಪಿಗೆ ಇಂದು ವಿಷ ಹಾಕಿದರೆ ಅದು ಸಾರಿನ ಪಾತ್ರೆಗೇ ಬರುತ್ತದೆ. ಹುಳುವಿನ ಕಾಟವಿದ್ದರೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಚೂರು ಸಾಬೂನು ಕದಡಿ ಸಂಜೆಯ ವೇಳೆ ಸಿಂಪಡಿಸಿರಿ. ಅಂತಹ ಸೊಪ್ಪನ್ನು ಕೆಲವು ದಿನ ಬಿಟ್ಟು, ಚೆನ್ನಾಗಿ ತೊಳೆದು ಬಳಸಬೇಕು.

ಬೆಳೆದ ಸೊಪ್ಪು ಯಾರ ತಟ್ಟೆಗೆ ಹೋಗುತ್ತದೆ ಎಂಬುದು ಮುಖ್ಯ. ಎಲ್ಲರೂ ಉಂಡ ಮೇಲೆ ಮುದ್ದೆಯೊಡನೆ ತಿಳಿಸಾರು ಮಾತ್ರ ಉಳಿದರೆ ಗರ್ಭಿಣಿಗೆ ಕೈತೋಟದಿಂದ ಪ್ರಯೋಜನವೇನು? ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ಆಕೆಗೆ ದೊರೆಯುವಂತೆ ಪತಿ ಮತ್ತು ಅತ್ತೆಯವರು ನೋಡಿಕೊಳ್ಳಬೇಕು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುವ ನಮ್ಮ ಬಸ್ಸಾರು ಬಹಳ ಒಳ್ಳೆಯ ಪದ್ಧತಿ, ನೀರಿನಲ್ಲಿ ಇಳಿದ ಸತ್ವ ವ್ಯರ್ಥವಾಗುವುದಿಲ್ಲ. ಊಟದ ವೇಳೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಹೆಚ್ಚಾಗಿ ಸೇರುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಕಡಿಮೆಯಾಗುತ್ತದೆ.

ಸೊಪ್ಪು ತಿನ್ನುತ್ತಿದ್ದೇವೆಂದು ಮಾತ್ರೆಯನ್ನು ಬಿಡಬಾರದು. ಗರ್ಭಿಣಿಗೆ ಬೇಕಾಗುವಷ್ಟು ಕಬ್ಬಿಣಾಂಶ ಸೊಪ್ಪಿನಿಂದಲೇ ಒದಗುವುದಿಲ್ಲ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು. ಆರೋಗ್ಯ ಕೇಂದ್ರದಲ್ಲಿ ಇದನ್ನು ಉಚಿತವಾಗಿ ಕೊಡಲಾಗುತ್ತದೆ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ಹೊಟ್ಟೆ ತೊಳಸಿದಂತಾದರೆ ರಾತ್ರಿ ಊಟವಾದ ಮೇಲೆ ನುಂಗಿ ಮಲಗಿರಿ.