ನಕ್ಷೆಯ ಖಾಲಿ ಚೌಕಕ್ಕೆ ನೀರು ಹೊತ್ತವರು

ಬೆಂಗಳೂರಿನ ಕುರುಬರಹಳ್ಳಿಯ ಅಡ್ಡರಸ್ತೆಗಳಲ್ಲಿ ಮನೆಗೂ ಮನೆಗೂ ನಡುವೆ ಬೆಕ್ಕು ನುಸುಳುವಷ್ಟೇ ಜಾಗ. ಇಪ್ಪತ್ತು-ಮೂವತ್ತರ ಸೈಟು, ಅದರ ಮೇಲೆ ಮೂರು ಮಹಡಿ, ಮೆಟ್ಟಿಲ ಕೆಳಗೆ ಬೈಕು, ಗೇಟಿನ ಪಕ್ಕ ಒಂದು ತುಳಸಿ ಕುಂಡ. ಕೈಗೆ ಮಣ್ಣು ಹತ್ತಬೇಕೆಂದರೆ ಪಾರ್ಕಿಗೇ ಹೋಗಬೇಕು. ರಾಜಾಜಿನಗರ, ಮಹಾಲಕ್ಷ್ಮಿ ಲೇಔಟ್, ಬಸವೇಶ್ವರನಗರಗಳ ನಡುವೆ ಸಿಕ್ಕಿಕೊಂಡ ಈ ಭಾಗದಲ್ಲಿ ಭಾನುವಾರ ಬೆಳಿಗ್ಗೆ ವಾಕಿಂಗ್ ಮುಗಿಸಿದ ನಾಲ್ಕಾರು ಜನ ಮನೆ ಕಡೆ ತಿರುಗದೆ ಸಲಿಕೆ, ಕುಡುಗೋಲು ಹಿಡಿದು ಪಾತಿ ಬಿಡಿಸಲು ನಿಲ್ಲುವುದು ಈಗ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಆದರೆ ಯೋಚಿಸಿದರೆ ವಿಚಿತ್ರವೇ. ಜಾಗ ಸರ್ಕಾರದ್ದು, ಗಿಡ ಪಾಲಿಕೆಯದ್ದು, ಗೇಟಿನ ಬೀಗ ಇನ್ಯಾರದೋ ಕೈಯಲ್ಲಿ. ಅಕ್ಕಪಕ್ಕದ ಮನೆಯವರಿಗೆ ಅದರ ಮೇಲೆ ಇಷ್ಟು ಸಲಿಗೆ ಎಲ್ಲಿಂದ ಬಂತು?

ಹಳೇ ಮೈಸೂರು ಸೀಮೆಯ ಊರುಗಳಿಗೆ ಈ ಸಲಿಗೆ ಹೊಸದಲ್ಲ. ಊರಾಚೆ ಗುಂಡುತೋಪು ಇರುತ್ತಿತ್ತು. ಮಾವು, ಹಲಸು, ನೇರಳೆ, ಹುಣಸೆಯ ತೋಪು. ದಾರಿಹೋಕರಿಗೆ ನೆರಳು, ದನಕುರಿಗಳಿಗೆ ಮಧ್ಯಾಹ್ನದ ತಂಗುದಾಣ, ಜಾತ್ರೆಯಲ್ಲಿ ಅಡುಗೆಯ ಬಯಲು. ಫಸಲನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ಕಾಗದದಲ್ಲಿ ಸರ್ಕಾರದ್ದು, ಬಳಕೆಯಲ್ಲಿ ಊರಿನದು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಬೆಂಗಳೂರಿನ ಸುತ್ತ ಉಳಿದಿರುವ ಇಂಥ ತೋಪುಗಳನ್ನು ಹುಡುಕಿ ಅಧ್ಯಯನ ಮಾಡಿದ್ದಾರೆ. ಬಡಾವಣೆಗಳು ಬಂದಾಗ ಬಹಳಷ್ಟು ತೋಪುಗಳು ಬಸ್ ನಿಲ್ದಾಣವಾಗಿ, ಕಚೇರಿಯಾಗಿ, ಸೈಟಾಗಿ ಕರಗಿದವು.

ಇತ್ತ ಪಟ್ಟಣದ ಉದ್ಯಾನಗಳ ಕಥೆಯೇ ಬೇರೆ. 1760ರಲ್ಲಿ ಹೈದರಾಲಿ ಶುರುಮಾಡಿದ ಲಾಲ್‌ಬಾಗ್ ಆಗಲಿ, 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಪಾರ್ಕ್ ಆಗಲಿ ಆಳುವವರು ಕಟ್ಟಿದ್ದು. ಜನ ಅಲ್ಲಿ ನೋಡಲು ಹೋದವರು. ನೋಡುಗರನ್ನು ತೋಟಗಾರರನ್ನಾಗಿ ಮಾಡಿದವರಲ್ಲಿ ಜರ್ಮನಿಯಿಂದ ಬಂದ ತೋಟಗಾರಿಕಾ ತಜ್ಞ ಕೃಂಬಿಗಲ್ ದೊಡ್ಡವರು. ಅವರ ಕಾಲದಲ್ಲಿ, 1912ರಲ್ಲಿ, ಹುಟ್ಟಿದ ಮೈಸೂರು ಉದ್ಯಾನ ಕಲಾ ಸಂಘ ಫಲಪುಷ್ಪ ಪ್ರದರ್ಶನದ ಜೊತೆಗೆ ಮನೆತೋಟಗಳಿಗೂ ಸ್ಪರ್ಧೆ ಏರ್ಪಡಿಸಿತು. ಬೆಂಗಳೂರಿನ ಮಧ್ಯಮ ವರ್ಗಕ್ಕೆ ಗುಲಾಬಿಯ ಕಸಿ, ಡೇರೆ ಹೂವಿನ ಗೆಡ್ಡೆಗಳ ಹುಚ್ಚು ಹಿಡಿಸಿದ್ದು ಇಂಥ ಸ್ಪರ್ಧೆಗಳೇ. ಆದರೆ ಅದು ಕಾಂಪೌಂಡಿನ ಒಳಗಿನ ಪ್ರೀತಿ. ಬೀದಿಯ ಗಿಡಕ್ಕೆ ನೀರು ಹಾಕುವುದು ಇನ್ನೂ ದೂರವಿತ್ತು.

1945ರಲ್ಲಿ ನಗರಾಭಿವೃದ್ಧಿಗೆಂದು ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಬಂತು. 1949ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿ ಅವರಿಂದ ಕೈಗಾರಿಕಾ ಬಡಾವಣೆಗೆ ಅಡಿಗಲ್ಲು ಹಾಕಿಸಿ ರಾಜಾಜಿನಗರ ಎಂದು ಹೆಸರಿಟ್ಟರು. ಇಂಥ ಬಡಾವಣೆಗಳ ನಕ್ಷೆಯಲ್ಲಿ ಸೈಟುಗಳ ನಡುನಡುವೆ ಪಾರ್ಕೆಂದು ಬರೆದ ಚೌಕಗಳಿದ್ದವು. ಅವುಗಳ ಅಂಚಿನ ಹಳ್ಳಿಗಳು ರೆವಿನ್ಯೂ ಸೈಟುಗಳಾಗಿ ಬೆಳೆದಾಗ ಆ ಚೌಕಗಳಿಗೂ ಬರ. ಪಾರ್ಕಿನ ವಿಷಯದಲ್ಲಿ ರಸ್ತೆಯ ಈಚೆಗೂ ಆಚೆಗೂ ಇರುವ ವ್ಯತ್ಯಾಸವನ್ನು ಪಶ್ಚಿಮ ಬೆಂಗಳೂರಿನವರು ಇಂದಿಗೂ ಕಣ್ಣಾರೆ ಕಾಣುತ್ತಾರೆ. ನಕ್ಷೆಯಲ್ಲಿದ್ದ ಚೌಕಗಳಾದರೂ ಪಾರ್ಕಾದವೇ? ಎಷ್ಟೋ ಕಡೆ ವರ್ಷಗಟ್ಟಲೆ ಪಾರ್ಥೇನಿಯಂ ಬೆಳೆದು, ಕಟ್ಟಡದ ಅವಶೇಷ ಸುರಿದು, ಯಾರಾದರೂ ಬೋರ್ಡು ಹಾಕಲಿ ಎಂದು ಕಾಯುತ್ತಿದ್ದ ಜಾಗಗಳು ಅವು.

ಬೋರ್ಡು ಹಾಕುವವರು ಬಂದಾಗ ಏನಾಯಿತು ಎಂಬುದಕ್ಕೆ ಬೆಂಗಳೂರಿನದ್ದೇ ಒಂದು ಮೊಕದ್ದಮೆ ಇಡೀ ದೇಶಕ್ಕೆ ಪಾಠವಾಗಿದೆ. ನಗರದ ಉತ್ತರಕ್ಕಿರುವ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಮುಖ್ಯಮಂತ್ರಿಗಳ ಮಟ್ಟದ ಸೂಚನೆಯಂತೆ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಯಿತು. ಸುತ್ತಮುತ್ತಲ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಮೇಲ್ಮನವಿ ಹಾಕಿತು. 1991ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ತೀರ್ಪಿತ್ತಿತು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ’ ಎಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪು ಅದು. ಆಸ್ಪತ್ರೆ ಎಷ್ಟೇ ಒಳ್ಳೆಯದಿರಲಿ, ಉದ್ಯಾನಕ್ಕೆಂದು ಬಿಟ್ಟ ಜಾಗಕ್ಕೆ ಅದು ಬದಲಿಯಲ್ಲ ಎಂದದ್ದು ಒಂದು ಮಾತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು: ‘ನೀವು ಯಾರು ಕೇಳಲಿಕ್ಕೆ’ ಎಂಬ ಪ್ರಶ್ನೆಯನ್ನೇ ನ್ಯಾಯಾಲಯ ತಳ್ಳಿಹಾಕಿತು. ಆ ಬಡಾವಣೆಯಲ್ಲಿ ವಾಸಿಸುವವರಿಗೆ ಕೇಳುವ ಹಕ್ಕಿದೆ ಎಂದಿತು. ಉದ್ಯಾನವೆಂಬುದು ಒಂದು ಕಾಲದಲ್ಲಿ ಸಿರಿವಂತರ ಸೊತ್ತಾಗಿದ್ದು, ಸಾಮಾನ್ಯನಿಗೂ ಸಮಾನತೆ ಸಿಕ್ಕ ಕಾಲದಲ್ಲಿ ಸಾರ್ವಜನಿಕವಾಯಿತು ಎಂಬ ಇತಿಹಾಸವನ್ನೂ ತೀರ್ಪು ನೆನಪಿಸಿತು. ಅಷ್ಟರಲ್ಲಿ ರಾಜ್ಯದಲ್ಲಿ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯೂ ಬಂದಿತ್ತು. ಇಂದು ಕ್ಷೇಮಾಭಿವೃದ್ಧಿ ಸಂಘದವರು ಪಾರ್ಕಿನ ಮೂಲೆಯಲ್ಲಿ ಏಳುವ ಕಟ್ಟಡಕ್ಕೆ ತಕರಾರು ಬರೆಯುವಾಗ ಇವೆರಡರ ಹೆಸರನ್ನೂ ಮೊದಲ ಪುಟದಲ್ಲೇ ಹಾಕುತ್ತಾರೆ.

ಹಕ್ಕು ಕೋರ್ಟಿನಿಂದ ಬಂತು, ಅಭ್ಯಾಸ ಬೀದಿಯಿಂದ. 1982ರಿಂದ ಐದಾರು ವರ್ಷ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. ಆರ್. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ ಶುರುವಾದ ಕೆಲಸ. ಅವರ ಜಾಣತನವಿದ್ದದ್ದು ಎಣಿಕೆಯಲ್ಲಲ್ಲ, ಮನೆಯವರನ್ನು ಒಳಗೆ ಎಳೆದುಕೊಂಡ ರೀತಿಯಲ್ಲಿ. ನಿಮ್ಮ ಮನೆ ಮುಂದೆ ಯಾವ ಗಿಡ ಬೇಕು ಎಂದು ಕೇಳಿ, ನೆಟ್ಟು, ನೋಡಿಕೊಳ್ಳುವುದನ್ನು ಮನೆಯವರಿಗೇ ಒಪ್ಪಿಸಿದರು. ತಾನೇ ಆರಿಸಿದ ಹೊಂಗೆ ಒಣಗಿದರೆ ಮನೆಯೊಡತಿಗೆ ಬೇಸರ. ಇಲಾಖೆ ಆರಿಸಿದ್ದು ಒಣಗಿದರೆ ಇಲಾಖೆಯ ಮೇಲೆ ದೂರು. ಈ ಸಣ್ಣ ವ್ಯತ್ಯಾಸವನ್ನು ಅವರು ಅರಿತಿದ್ದರು. 2021ರಲ್ಲಿ ಅವರು ತೀರಿಕೊಂಡಾಗ ನೆರಳಿಗೆ ಋಣಿಯಾದ ಎಷ್ಟೋ ಜನರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ನೇಗಿನಹಾಳರ ರೀತಿಗೆ ತದ್ವಿರುದ್ಧವಾದದ್ದು ಜೂನ್ 5ರ ವಿಶ್ವ ಪರಿಸರ ದಿನಾಚರಣೆ. ಅತಿಥಿಗಳು ಹೊಸ ಸಸಿ ನೆಡುವ ಗುಂಡಿ ಬಹುಪಾಲು ಕಳೆದ ವರ್ಷದ್ದೇ ಆಗಿರುತ್ತದೆ, ಅಗೆಯುವ ಶ್ರಮ ಉಳಿಯಲಿ ಎಂದು!

ಪಾರ್ಕಿಗೆ ಕೈಹಾಕುವಂತೆ ಜನರನ್ನು ನೂಕಿದ ಮತ್ತೊಂದು ಸಂಗತಿ ಕಸ. 2012ರಲ್ಲಿ ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಗುಡ್ಡ ಮುಚ್ಚಿತು. 2014ರ ಕೊನೆಗೆ ಮಂಡೂರಿನವರು ಇನ್ನು ಸಾಕೆಂದು ಕಸದ ಲಾರಿಗಳನ್ನು ನಿಲ್ಲಿಸಿದರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ವಿಂಗಡಣೆಯನ್ನು ಕಡ್ಡಾಯ ಮಾಡಿತು. ಅಡುಗೆಮನೆಯಲ್ಲಿ ಗೊಬ್ಬರ ಮಾಡಲು ಕಲಿತವರ ಕಣ್ಣು ಸಹಜವಾಗಿ ಪಾರ್ಕಿನ ತರಗೆಲೆಯ ಮೇಲೆ ಬಿತ್ತು. ಅಲ್ಲಿಯವರೆಗೆ ಅದಕ್ಕೆ ಗತಿ ಎರಡೇ: ಮೂಲೆಯಲ್ಲಿ ಬೆಂಕಿ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ.

ಎಲೆಗೊಬ್ಬರಕ್ಕೆ ಬೇಕಾದ್ದು ಬಹಳ ಕಡಿಮೆ. ತಂತಿಬಲೆಯನ್ನು ಸುತ್ತಿ ಎದೆಯೆತ್ತರದ ಪಂಜರ ಮಾಡಿ, ತರಗೆಲೆ ತುಳಿದು ತುಂಬಿ, ನಡುನಡುವೆ ಕತ್ತರಿಸಿದ ಹಸಿ ಹುಲ್ಲು ಹಾಕಬೇಕು. ಒಣ ಎಲೆಯಲ್ಲಿ ಸಾರಜನಕ ಕಡಿಮೆ. ಹಸಿ ಹುಲ್ಲು ಆ ಕೊರತೆ ತುಂಬುತ್ತದೆ. ಸಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿದರೆ ಕೊಳೆಯುವುದು ಬೇಗ ಶುರು. ಒಣಗಲು ಬಿಡಬಾರದು, ಆಗಾಗ ಮಗುಚಬೇಕು. ಹೊಂಗೆಯ ಎಲೆ ಸುಲಭವಾಗಿ ಮಣ್ಣಾಗುತ್ತದೆ. ಮಾವು, ಸಿಲ್ವರ್ ಓಕ್ ಎಲೆಗಳದು ಮೊಂಡಾಟ. ಅವನ್ನು ಪುಡಿ ಮಾಡದೆ ಹಾಕಿದರೆ ತಾಳ್ಮೆ ಪರೀಕ್ಷಿಸುತ್ತವೆ. ಮೂರ್ನಾಲ್ಕು ತಿಂಗಳಿಗೆ ಕಪ್ಪಗಿನ, ಮೊದಲ ಮಳೆಯ ವಾಸನೆಯ ಗೊಬ್ಬರ ಸಿಗುತ್ತದೆ. ಎಚ್‌ಎಸ್‌ಆರ್ ಬಡಾವಣೆಯಲ್ಲಿ ಸ್ವಯಂಸೇವಕರು ಸ್ವಚ್ಛಾಗ್ರಹ ಕಲಿಕಾ ಕೇಂದ್ರವನ್ನೇ ಕಟ್ಟಿ ಈ ವಿದ್ಯೆಯನ್ನು ಕಲಿಸುತ್ತಿದ್ದಾರೆ. ಡಾ. ಬಿ.ಎನ್. ವಿಶ್ವನಾಥ್ ಅವರಿಂದ ತಾರಸಿ ತೋಟ ಕಲಿತ ತಲೆಮಾರಿನವರು ನಗರದ ತುಂಬ ಇದ್ದಾರೆ. ತಾರಸಿಯಲ್ಲಿ ಮಿಕ್ಕ ದೊಡ್ಡಪತ್ರೆ, ಒಂದೆಲಗ, ಮಜ್ಜಿಗೆಹುಲ್ಲು ಪಾರ್ಕಿನ ಔಷಧಿ ಗಿಡಗಳ ಪಾತಿಗೆ ಇಳಿಯಲು ತಡವಿಲ್ಲ.

ಯಾವ ಗಿಡ ನೆಡಬೇಕೆಂಬುದರಲ್ಲಿ ಮಾತ್ರ ಜಗಳ ತಪ್ಪಿದ್ದಲ್ಲ. ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ 127 ಪಾರ್ಕುಗಳ ಮರ ಎಣಿಸಿದಾಗ ಮುಕ್ಕಾಲು ಭಾಗ ಹೊರದೇಶದ ತಳಿಗಳೇ ಸಿಕ್ಕವು. ಹಣ್ಣಿನ ಮರ ಬೇಕೆಂದು ಒಬ್ಬರು, ನೇರಳೆ ಹಣ್ಣು ಬಿದ್ದು ನಡೆಯುವ ದಾರಿ ಜಾರುತ್ತದೆಂದು ಇನ್ನೊಬ್ಬರು. ಪೂಜೆಗೆ ನಂದಿಬಟ್ಟಲು, ದಾಸವಾಳ ನೆಟ್ಟರೆ ಬೆಳಗಿನ ಐದಕ್ಕೇ ಕವರ್ ಹಿಡಿದು ಬರುವ ಭಕ್ತರಿಂದ ಒಂದು ಮೊಗ್ಗೂ ಉಳಿಯದು. ನನ್ನ ಮತ ನೇರಳೆಗೆ, ಜಾರಿದರೂ ಸರಿ.

ಹೂವಿಗಿಂತ ಹೆಚ್ಚು ಯೋಚಿಸಬೇಕಾದದ್ದು ಬರಿಯ ನೆಲದ ಬಗ್ಗೆ. 2017ರ ಅಕ್ಟೋಬರ್ 13ರ ರಾತ್ರಿಯ ಮಳೆಯಲ್ಲಿ ಕುರುಬರಹಳ್ಳಿಯ ರಾಜಕಾಲುವೆ ಉಕ್ಕಿ ಮನೆಗಳಿಗೆ ನುಗ್ಗಿತು. ಜನ ಕೊಚ್ಚಿಹೋಗಿ ಸತ್ತರು. ವೃಷಭಾವತಿಯ ಕಡೆಗೆ ಇಳಿಜಾರಾಗಿರುವ ಈ ಪ್ರದೇಶದಲ್ಲಿ ಚಾವಣಿ, ರಸ್ತೆಗಳ ನೀರೆಲ್ಲ ಒಮ್ಮೆಗೇ ಕಾಲುವೆಗೆ ಧುಮುಕುತ್ತದೆ. ಒಂದು ಪಾರ್ಕು ಪ್ರವಾಹ ತಡೆಯದು, ನಿಜ. ಆದರೆ ಮಳೆ ಕುಡಿಯುವ ನೆಲ ಅಷ್ಟೇ ಉಳಿದಿರುವಾಗ ಅದಕ್ಕೂ ಗ್ರಾನೈಟ್, ಸಿಮೆಂಟ್ ಇಟ್ಟಿಗೆ, ಫೈಬರ್ ಜಿರಾಫೆ ಹೊದಿಸುವ ‘ಅಭಿವೃದ್ಧಿ’ ಅರ್ಥವಾಗುವುದಿಲ್ಲ. ಸ್ವಯಂಸೇವಕರು ಎಲೆ ಹರಡಿ ಮಣ್ಣು ಮುಚ್ಚುವ ಕೆಲಸಕ್ಕೆ ಉದ್ಘಾಟನಾ ಫಲಕವಿಲ್ಲ, ಅದಕ್ಕೇ ಇರಬೇಕು ಅದಕ್ಕೆ ಅನುದಾನವೂ ಇಲ್ಲ.

2024ರ ಮಾರ್ಚ್ ಇನ್ನೊಂದು ಪರೀಕ್ಷೆ ತಂದಿತು. ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಅಕ್ಕಿ ತೊಳೆದ ನೀರು, ಫಿಲ್ಟರ್ ಹೊರಹಾಕುವ ನೀರು ಎಲ್ಲಕ್ಕೂ ಬೆಲೆ ಬಂತು. ಅಂಥ ಬೇಸಿಗೆಯಲ್ಲಿ ಹುಲ್ಲುಹಾಸು ಮೊದಲು ಸಾಯುತ್ತದೆ. ಬುಡಕ್ಕೆ ಎಲೆ ಹೊದಿಸಿದ ಗಿಡ ತಡೆದುಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿ ಮಾಲಿಯ ಮಾತೆತ್ತದಿದ್ದರೆ ಅನ್ಯಾಯ. ಭಾನುವಾರದ ತಂಡ ಎರಡು ಗಂಟೆ ಬಾಗಿ, ಕಾಫಿ ಕುಡಿದು, ಗ್ರೂಪಿಗೆ ಫೋಟೊ ಹಾಕಿ ಮನೆಗೆ ಹೋಗುತ್ತದೆ. ಸೋಮವಾರದಿಂದ ಪೈಪು ಎಳೆಯುವುದು ಗುತ್ತಿಗೆದಾರರ ಕೈಕೆಳಗಿನ ಮಾಲಿ. ಉತ್ಸಾಹದಲ್ಲಿ ನೆಟ್ಟ ನಲವತ್ತು ಸಸಿಗೂ ನೀರು ಅವರೇ ಹಾಕಬೇಕು. ಎಲ್ಲಿ ತಂಡದವರು ‘ಎಷ್ಟು ನೆಟ್ಟರೆ ನೋಡಿಕೊಳ್ಳಬಹುದಮ್ಮ’ ಎಂದು ಮಾಲಿಯಮ್ಮನನ್ನು ಮೊದಲು ಕೇಳುತ್ತಾರೋ ಅಲ್ಲಿ ಗಿಡ ಬದುಕುತ್ತದೆ. ಸ್ವಯಂಸೇವೆಯನ್ನು ತೋರಿಸಿ ಮಾಲಿಗಳನ್ನು ಕಡಿಮೆ ಮಾಡುವ ಲೆಕ್ಕಾಚಾರಕ್ಕೆ ಮಾತ್ರ ಯಾವ ಸಂಘವೂ ಒಪ್ಪಬಾರದು.

ಗಿಡದ ನೆಪದಲ್ಲಿ ಸೇರಿದವರು ಬೇರೆ ಕೆಲಸಗಳಿಗೂ ಸೇರುತ್ತಾರೆ. 1995ರಲ್ಲಿ ಮುಂಬೈನ ಪಾರ್ಕೊಂದರಲ್ಲಿ ಡಾ. ಮದನ್ ಕಟಾರಿಯಾ ಕೆಲವರನ್ನು ಕಟ್ಟಿಕೊಂಡು ಶುರುಮಾಡಿದ ನಗೆಕೂಟ ಇಲ್ಲಿನ ಪಾರ್ಕುಗಳಿಗೂ ಬಂತು. ಯೋಗದ ಚಾಪೆಗಳು, ನವೆಂಬರ್ ಒಂದರ ಬಾವುಟ, ರಕ್ತದೊತ್ತಡ ತಪಾಸಣೆ, ಹಿರಿಯರ ಹರಟೆಕಟ್ಟೆ. ಚೆಂಡಾಟಕ್ಕೆ ನಿಷೇಧದ ಫಲಕ ಮಾತ್ರ ಗೇಟಿನಲ್ಲೇ ಇರುತ್ತದೆ, ಹುಡುಗರು ರಸ್ತೆಯಲ್ಲಿ ಆಡುತ್ತಾರೆ. 2024ರ ಜೂನ್‌ನಲ್ಲಿ ಪಾರ್ಕುಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ನಡುವೆ ಮುಚ್ಚದೆ ತೆರೆದಿಡಲು ಪಾಲಿಕೆ ತೀರ್ಮಾನಿಸಿದಾಗ ಹೆಚ್ಚು ಖುಷಿಪಟ್ಟವರು ಮಧ್ಯಾಹ್ನ ನೆರಳು ಹುಡುಕುವ ಡೆಲಿವರಿ ಹುಡುಗರು, ಮನೆಗೆಲಸದ ಹೆಂಗಸರು. ಕೆಲವು ವಾಕಿಂಗ್ ಬಳಗಗಳು ಮುಖ ಗಂಟಿಕ್ಕಿದ್ದೂ ಉಂಟು. ತಾವು ನೆಟ್ಟದ್ದರ ಮೇಲೆ ಬೆಳೆಯುವ ಮಮಕಾರಕ್ಕೆ ಈ ಮುಖವೂ ಇದೆ.

2025ರ ಸೆಪ್ಟೆಂಬರ್‌ನಲ್ಲಿ ಇಡೀ ನಗರದ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಕುರುಬರಹಳ್ಳಿ ಈಗ ಬೆಂಗಳೂರು ಪಶ್ಚಿಮ ನಗರ ಪಾಲಿಕೆಯ ಪಾಲು. ಪಾರ್ಕಿಗಾಗಿ ಕೊಡುವ ಅರ್ಜಿಯ ತಲೆಯಲ್ಲಿ ಬರೆಯಬೇಕಾದ ವಿಳಾಸ ಬದಲಾಗಿದೆ. ಕೆಳಗಿನ ಪಟ್ಟಿ ಹಳೆಯದೇ: ಬೋರ್‌ವೆಲ್ ಮೋಟರಿನ ರಿಪೇರಿ, ಒಂದು ಲೋಡು ಕೆಂಪುಮಣ್ಣು, ಶೌಚಾಲಯಕ್ಕೆ ನೀರು, ಇನ್ನೊಬ್ಬ ಮಾಲಿ.