ಹಳೆಯ ಮೋಟಾರಿನ ನಡುಕವೂ ತೂಕದ ಸಮತೆಯೂ

ತಂದೆಯ ಕಾಲದ ಅಂಬಾಸಿಡರ್ ಮೋಟಾರನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದ ಗೃಹಸ್ಥರು ನಮ್ಮಲ್ಲಿ ಇಲ್ಲದಿಲ್ಲ. ಅದರ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಆದುದರಿಂದ ಎಂಜಿನ್ನು ಸವೆದರೆ ಇದ್ದುದನ್ನೇ ಬಿಚ್ಚಿ ಹೊಸದಾಗಿ ಕಟ್ಟಿಸಬೇಕಾಗುವದು. ಆಗ ಪಿಸ್ಟನ್, ಬೇರಿಂಗುಗಳಿಗೆ ಧಾರಾಳವಾಗಿ ವೆಚ್ಚಮಾಡುವವರು ಕೂಡ ತಿರುಗುವ ಭಾಗಗಳ ತೂಕದ ಸಮತೆಯನ್ನು ಮರೆಯುವದುಂಟು.

ಖಾನಾಪುರದ ಕುಂಬಾರಿಕೆಯನ್ನು ಕಂಡವರಿಗೆ ಈ ಸಂಗತಿಯು ಬೇಗನೆ ತಿಳಿಯುವದು. ಮಣ್ಣಿನ ಮುದ್ದೆಯು ಚಕ್ರದ ನಡುವಿನಿಂದ ತುಸು ಸರಿದರೂ ಗಡಿಗೆಯು ಓಲಾಡುವದು. ಅದಕ್ಕೆಂದೇ ಕುಂಬಾರನು ಮೊದಲು ಮುದ್ದೆಯನ್ನು ನಡುವಿಗೆ ತರುವನು. ಎಂಜಿನ್ನಿನ ಕ್ರ್ಯಾಂಕಿಗೂ ಇದೇ ನ್ಯಾಯವು. ವೇಗ ಮಾತ್ರ ಬಹಳ ಹೆಚ್ಚು. ನಡುವಿನಿಂದ 4 ಸೆಂಟಿಮೀಟರ್ ದೂರದಲ್ಲಿ 10 ಗ್ರಾಂ ತೂಕವು ಹೆಚ್ಚಾಗಿದ್ದರೆ, ನಿಮಿಷಕ್ಕೆ 2000 ಸುತ್ತಿನಲ್ಲಿ ಅದು ಸುಮಾರು 1.8 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುವದು. 4000 ಸುತ್ತಿನಲ್ಲಿ ಸುಮಾರು 7 ಕಿಲೋದಷ್ಟು. ವೇಗವು ಇಮ್ಮಡಿಯಾದರೆ ಎಳೆತವು ನಾಲ್ಮಡಿಯಾಗುವದು. ಈ ಎಳೆತವೇ ಬೇರಿಂಗುಗಳನ್ನು ಸವೆಸುವದು. ಅನಮೋಡ ಘಟ್ಟವನ್ನು ಕೆಳಗಿನ ಗೇರಿನಲ್ಲಿ ಏರುವಾಗ ಎಂಜಿನ್ನಿನ ಸುತ್ತುಗಳು ಹೆಚ್ಚುವದರಿಂದ ನಡುಕವೂ ಹೆಚ್ಚಾಗಿ ತೋರುವದು.

ಇದಕ್ಕೆ ಉಪಾಯವು ಹೀಗಿದೆ. ನಾಲ್ಕೂ ಪಿಸ್ಟನ್‌ಗಳನ್ನು ಪಿನ್ನುಗಳ ಸಹಿತ ತೂಗಿ, ಎಲ್ಲಕ್ಕೂ ಹಗುರಾದುದರ ಮಟ್ಟಕ್ಕೆ ಉಳಿದವನ್ನು ಇಳಿಸತಕ್ಕದ್ದು. ಕನೆಕ್ಟಿಂಗ್ ರಾಡುಗಳ ಎರಡೂ ತುದಿಗಳನ್ನು ಬೇರೆಬೇರೆಯಾಗಿ ತೂಗಬೇಕು. ಏಕೆಂದರೆ ದೊಡ್ಡ ತುದಿಯು ಕ್ರ್ಯಾಂಕಿನೊಡನೆ ಸುತ್ತುವದು, ಸಣ್ಣ ತುದಿಯು ಪಿಸ್ಟನ್ನಿನೊಡನೆ ಮೇಲೆ ಕೆಳಗೆ ಆಡುವದು. ಬಳಿಕ ಕ್ರ್ಯಾಂಕನ್ನು ಯಂತ್ರದ ಮೇಲೆ ತಿರುಗಿಸಿ, ಭಾರವಾದ ಕಡೆಯಲ್ಲಿ ರಂಧ್ರ ಕೊರೆದು ಲೋಹವನ್ನು ತೆಗೆಯುವರು. ನಿಂತಾಗ ಸಮವಾಗಿದ್ದುದು ತಿರುಗುವಾಗಲೂ ಸಮವಾಗಿರುವದೆಂದು ತಿಳಿಯಲಾಗದು. ಒಂದು ತುದಿಯಲ್ಲಿ ಮೇಲೆ, ಮತ್ತೊಂದು ತುದಿಯಲ್ಲಿ ಕೆಳಗೆ ಅಷ್ಟೇ ತೂಕವು ಹೆಚ್ಚಿದ್ದರೆ ಆ ದೋಷವು ತಿರುಗಿದಾಗಲೇ ಹೊರಬೀಳುವದು. ಕೊನೆಗೆ ಫ್ಲೈವೀಲನ್ನೂ ಕ್ಲಚ್ಚಿನ ಕವರನ್ನೂ ಜೋಡಿಸಿ ಪುನಃ ಪರೀಕ್ಷಿಸಿ, ಅವು ಕೂಡುವಲ್ಲಿ ಗುರುತು ಹಾಕಬೇಕು. ಮುಂದೆ ಬಿಚ್ಚಿದಾಗ ಅದೇ ಗುರುತಿಗೆ ಕೂಡಿಸತಕ್ಕದ್ದು.

ಇಷ್ಟಾದರೂ ನಡುಕವು ಪೂರ್ಣವಾಗಿ ಅಳಿಯದು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್‌ಗಳ ಚಲನೆಯಿಂದಲೇ ಹುಟ್ಟುವ ಒಂದು ಕಂಪನವು ಉಳಿಯುವದು. ಅದನ್ನು ಸೈರಿಸಲೆಂದೇ ಎಂಜಿನ್ನಿನ ಕೆಳಗೆ ರಬ್ಬರಿನ ಆಧಾರಗಳಿರುವವು. ಅವು ಹಳತಾಗಿದ್ದರೆ ಬದಲಿಸಬೇಕು.

ಬೆಳಗಾವಿಯ ಉದ್ಯಮಬಾಗವು ಎರಕದ ಕೆಲಸಕ್ಕೂ ಯಂತ್ರಶಾಲೆಗಳಿಗೂ ಹೆಸರಾದುದು. ನುರಿತ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಆದರೆ ಎಂಜಿನ್ನು ಒಮ್ಮೆ ಮುಚ್ಚಿದ ಮೇಲೆ ಒಳಗಿನ ತೂಕವು ಯಾರ ಕಣ್ಣಿಗೂ ಬೀಳದು. ಆದುದರಿಂದ ಜೋಡಿಸುವ ಮೊದಲೇ ಪ್ರತಿಯೊಂದು ಪಿಸ್ಟನ್, ರಾಡುಗಳ ತೂಕವನ್ನು ಕಾಗದದ ಮೇಲೆ ಬರೆಯಿಸಿಕೊಳ್ಳುವದು ಗೃಹಸ್ಥರಿಗೆ ಹಿತಕರವು.